ಊರ ಕಡೆಗಿನ ಕಿಟಕಿ

ನಮ್ಮ ಕೇರಿಯ ಮನೆಗಳಿಗೆ ಮೊದಲು ಬಾಗಿಲು ಬಂತು. ಆಮೇಲೆ ಹೆಂಚು ಬಂತು. ಆಮೇಲೆ ಭಾಗ್ಯಜ್ಯೋತಿಯ ಒಂದೇ ಒಂದು ಬಲ್ಬು ಬಂತು. ಎಲ್ಲಕ್ಕಿಂತ ಕೊನೆಗೆ ಬಂದದ್ದು ಕಿಟಕಿ.

ಕಿಟಕಿ ಯಾಕೆ ಎಂದು ಕೇಳಿದರೆ ಗಾಳಿ ಬೆಳಕಿಗೆ ಅನ್ನುತ್ತಾರೆ. ಶಾಲೆಯ ಪುಸ್ತಕದಲ್ಲೂ ಹಾಗೇ ಇದೆ. ಅದು ಅರ್ಧ ಮಾತು. ಕಿಟಕಿ ಇರುವುದು ನೋಡುವುದಕ್ಕೂ. ತನ್ನ ಮನೆಯಲ್ಲೇ ಕೂತು, ಯಾರಿಗೂ ಎದ್ದು ನಿಲ್ಲದೆ, ಯಾರಿಗೂ ಕೈಮುಗಿಯದೆ, ಹೊರಗೆ ನಡೆಯುವುದನ್ನು ನೋಡುವುದಕ್ಕೆ. ಯಾರು ಯಾರನ್ನು ನೋಡಬಹುದು, ಯಾರು ಯಾರ ಕಣ್ಣಿಗೆ ಬೀಳಬಾರದು ಎಂದು ಗೆರೆ ಎಳೆದುಕೊಂಡು ಕೂತಿರುವ ಈ ನಾಡಿನಲ್ಲಿ ಕಿಟಕಿ ಬರೀ ಮರದ ಸಾಮಾನಾಗಿ ಉಳಿಯುವುದು ಹೇಗೆ?

ಈ ವರ್ಷ ನಮ್ಮ ಮನೆ ರಿಪೇರಿ ಮಾಡಿಸುವಾಗ ಒಂದು ಹಳೆಯ ಕಿಟಕಿ ಕಿತ್ತೆವು. ಮೂರು ಅಡಿ ಎತ್ತರ, ಎರಡು ಅಡಿ ಅಗಲ, ಆರು ಸರಳು. ಕೀಳುವುದಕ್ಕೆ ಹಿಡಿದದ್ದು ಅರ್ಧ ದಿನ. ಆದರೆ ಅದರ ಹಿಂದೆ ಮೂರು ತಲೆಮಾರಿನ ಮಾತಿದೆ. ಅದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಅಜ್ಜಿ ಹುಟ್ಟಿ ಬೆಳೆದ ಗುಡಿಸಲಿಗೆ ಕಿಟಕಿ ಇರಲಿಲ್ಲ. "ಸ್ವಾಗ ಹೊದ್ಸಿದ್ ಗುಡ್ಲು ಕನ. ಬಗ್ಗಿ ಒಳಕ್ಕೋಗ್ಬೇಕು, ಬಗ್ಗೇ ಈಚ್ಗ ಬರ್ಬೇಕು. ಒಲ ಹಚ್ಚುದ್ರ ಹೊಗ ಹೋಗಕ್ಕ ದಾರಿ ಇಲ್ದೆ ನಮ್ ಕಣ್ಣೊಳ್ಗೇ ಇರದು" ಅನ್ನುತ್ತಾಳೆ. ಕತ್ತಲು ಎಂಬುದು ನಮ್ಮವರಿಗೆ ಪದ್ಯದ ಪ್ರತಿಮೆಯಾಗಿರಲಿಲ್ಲ. ಕಣ್ಣಲ್ಲಿ ನೀರು ತರಿಸುವ ಹೊಗೆಯಾಗಿತ್ತು, ರಾತ್ರಿಯೆಲ್ಲ ಬಿಡದ ಕೆಮ್ಮಾಗಿತ್ತು.

ಬಡತನ, ಅದಕ್ಕೇ ಕಿಟಕಿ ಇರಲಿಲ್ಲ ಎಂದು ಯಾರಾದರೂ ಅನ್ನಬಹುದು. ಮರ ಎಲ್ಲಿ, ಕಬ್ಬಿಣ ಎಲ್ಲಿ, ಆಚಾರಿಗೆ ಕೊಡುವ ಕಾಸು ಎಲ್ಲಿ? ನಿಜ. ಆದರೆ ಅಷ್ಟೇ ನಿಜವಲ್ಲ. ಅಸ್ಪೃಶ್ಯರ ಮೇಲೆ ಹಳ್ಳಿಗಳು ಹೇರಿದ ಕಟ್ಟಳೆಗಳನ್ನು ಬಾಬಾಸಾಹೇಬರು ಒಂದೊಂದಾಗಿ ಪಟ್ಟಿ ಮಾಡಿದ್ದಾರೆ. ಕೇರಿ ಊರಿನ ದಕ್ಷಿಣಕ್ಕೇ ಇರಬೇಕು, ಯಾಕೆಂದರೆ ಅದು ಅಶುಭದ ದಿಕ್ಕು. ಅಸ್ಪೃಶ್ಯನು ಹೆಂಚಿನ ಮನೆ ಕಟ್ಟಿಕೊಂಡರೆ ಅದು ಅಪರಾಧ. ದುಡ್ಡಿದ್ದರೂ ಕಟ್ಟುವಂತಿಲ್ಲ! ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಹೆಂಚು ಘಟ್ಟ ಹತ್ತಿ, ಊರಿನ ಮೇಲಿನ ಬೀದಿಗಳ ಮಾಡು ಹತ್ತಿ, ನಮ್ಮ ಕೇರಿಗೆ ಬಂದು ಇಳಿಯುವುದಕ್ಕೆ ನೂರು ವರ್ಷಕ್ಕೂ ಮೇಲೆ ಬೇಕಾಯಿತು. ದಾರಿ ಅಷ್ಟು ದೂರವೇ?

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಕಿಟಕಿಗೆ ತೆರಿಗೆ ಇತ್ತು. 1696ರಲ್ಲಿ ಶುರುವಾದದ್ದು 1851ರವರೆಗೂ ನಡೆಯಿತು. ತೆರಿಗೆ ತಪ್ಪಿಸಿಕೊಳ್ಳುವುದಕ್ಕೆ ಜನ ಇದ್ದ ಕಿಟಕಿಗಳಿಗೇ ಇಟ್ಟಿಗೆ ಕಟ್ಟಿ ಮುಚ್ಚಿದರು. ಬೆಳಕಿಗೂ ಸುಂಕ ಹಾಕಿದರಲ್ಲ ಎಂದು ಅಲ್ಲಿಯವರು ಬೈದರು. ಅದು ಕಾಗದದಲ್ಲಿದ್ದ ಕಾನೂನು. ಬರೆದದ್ದನ್ನು ಒಂದು ದಿನ ಹೊಡೆದುಹಾಕಿದರು. ನಮ್ಮ ಕೇರಿಗೆ ಕಿಟಕಿ ಬೇಡ ಎಂದು ಯಾವ ಗೆಜೆಟ್ಟಿನಲ್ಲೂ ಅಚ್ಚಾಗಿಲ್ಲ. ಅಚ್ಚಾಗದೇ ಇರುವುದನ್ನು ಯಾವ ಶಾಸನಸಭೆಯಲ್ಲಿ ರದ್ದು ಮಾಡಿಸುವುದು?

ಇಲ್ಲಿ ಕನಕನ ಕಿಂಡಿಯ ಮಾತೂ ಬರಬೇಕು. ಕನ್ನಡ ನಾಡಿನಲ್ಲಿ ಅದಕ್ಕಿಂತ ಹೆಸರಾದ ಕಿಟಕಿ ಇನ್ನೊಂದಿಲ್ಲ. ಕನಕದಾಸರನ್ನು ಉಡುಪಿಯ ಗುಡಿಯೊಳಗೆ ಬಿಡಲಿಲ್ಲ, ಅವರು ಹಿಂಬದಿಗೆ ನಿಂತು ಹಾಡಿದರು, ಗೋಡೆ ಬಿರಿಯಿತು, ಕೃಷ್ಣ ತಿರುಗಿ ನಿಂತ ಎಂಬುದು ಕತೆ. ಮೇಷ್ಟ್ರು ನಮಗೆ ಇದನ್ನು ಭಕ್ತಿಯ ಗೆಲುವು ಎಂದು ಪಾಠ ಮಾಡಿದರು. ಕತೆಯನ್ನು ಕತೆ ಎಂದೇ ತೆಗೆದುಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ. ದೇವರು ತಿರುಗಿದ, ಕಲ್ಲಿನ ಗೋಡೆ ಬಿರಿಯಿತು, ಆದರೆ ಬಾಗಿಲು ಕಾಯುತ್ತಿದ್ದವರು ಮಾತ್ರ ಯಾಕೆ ಅಲ್ಲಾಡಲಿಲ್ಲ? ಕನಕನಿಗೆ ಸಿಕ್ಕಿದ್ದು ಕಿಂಡಿ. ಬಾಗಿಲಲ್ಲ. ಆ ಕಿಂಡಿಗೆ ಕನಕನ ಹೆಸರಿಟ್ಟು ಕೈಮುಗಿಯುವುದು ಸುಲಭ. ಬಾಗಿಲು ಹಾಕಿದ ಕೈ ಯಾವುದು ಎಂದು ಕೇಳುವುದು ಕಷ್ಟ.

ಇನ್ನು ನಮ್ಮ ಮನೆಗೆ ಬರುತ್ತೇನೆ.

ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ ನಮ್ಮ ಅಜ್ಜನಿಗೆ ನಿವೇಶನ ಸಿಕ್ಕಿತು. 1978ರಲ್ಲಿ ಅದರ ಮೇಲೆ ಜನತಾ ಮನೆ ಎದ್ದಿತು. ಒಂದು ಕೋಣೆ, ಒಂದು ಬಾಗಿಲು, ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ಮೇಲೆ ಮಂಗಳೂರು ಹೆಂಚು. ಗೋಡೆಯಲ್ಲಿ ಕಿಟಕಿಗೆ ಅಂತ ಬಿಟ್ಟ ಒಂದು ತೂತು. ಕೇರಿಯವರೆಲ್ಲ ಆ ತೂತಿಗೆ ಇಟ್ಟಿಗೆ ತುಂಬಿಸಿಕೊಂಡರು. ಕಿಟಕಿ ಮಾಡಿಸಲು ಶಕ್ತಿ ಇರಲಿಲ್ಲ, ಬರಿದೇ ಬಿಟ್ಟರೆ ನಾಯಿ ಬೆಕ್ಕು ನುಗ್ಗುತ್ತಿದ್ದವು. ಅಜ್ಜ ಮಾತ್ರ ಇಟ್ಟಿಗೆ ತುಂಬಲಿಲ್ಲ. ಒಂದು ಗೋಣಿಚೀಲ ಇಳಿಬಿಟ್ಟು ಕಾದ.

ಅಜ್ಜ ಊರಿನ ಒಬ್ಬ ಯಜಮಾನರ ಮನೆಯಲ್ಲಿ ಜೀತಕ್ಕಿದ್ದವನು. 1976ರಲ್ಲಿ ಜೀತ ನಿಷೇಧದ ಕಾಯ್ದೆ ಬಂದಿತ್ತು. ಕಾಯ್ದೆ ದಿಲ್ಲಿಯಿಂದ ಹೊರಟು ಯಜಮಾನರ ಕೊಟ್ಟಿಗೆ ಮುಟ್ಟುವುದಕ್ಕೆ ಇನ್ನೂ ಎರಡು ಮೂರು ವರ್ಷ ಹಿಡಿಯಿತು. ಆ ಹೊತ್ತಿಗೆ ಅವರು ತಮ್ಮ ತೊಟ್ಟಿಮನೆಯ ಮುಂಭಾಗವನ್ನು ಕೆಡವಿ ಆರ್‌ಸಿಸಿ ಹಾಕಿಸುತ್ತಿದ್ದರು. ಹಳೆಯ ದಾರಂದ, ಕಂಬ, ಕಿಟಕಿಗಳನ್ನು ಕಿತ್ತವರಲ್ಲಿ ಅಜ್ಜನೂ ಒಬ್ಬ. ಸುಗ್ಗಿಯಲ್ಲಿ ಕೊಡಬೇಕಿದ್ದ ರಾಗಿಗೆ ಬದಲಾಗಿ ಒಂದು ಕಿಟಕಿಯನ್ನು ತೋರಿಸಿ, ತಕೊಂಡು ಹೋಗು ಅಂದರಂತೆ. ಕೆಳಗಿನ ಪಟ್ಟಿಯ ಒಂದು ಮೂಲೆ ಗೆದ್ದಲು ತಿಂದಿತ್ತು, ಒಂದು ಸರಳು ಬಾಗಿತ್ತು. ಅಜ್ಜ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ. ರಾಗಿ ಬರುತ್ತದೆಂದು ಮೊರ ಹಿಡಿದು ಕೂತಿದ್ದ ಅಜ್ಜಿಯ ಮುಂದೆ ಕಿಟಕಿ ಇಳಿಸಿದ.

ನಮ್ಮ ಮನೆ ಕೇರಿಯ ತುದಿಗೆ, ಊರಿನ ಕಡೆಗೆ ಇದೆ. ಊರಿನಿಂದ ದೇವಸ್ಥಾನದ ಮಾಳಕ್ಕೆ ಹೋಗುವ ದಾರಿ ನಮ್ಮ ಗೋಡೆಯ ಪಕ್ಕದಲ್ಲೇ ಹಾಯುತ್ತದೆ. ಅಜ್ಜ ಕಿಟಕಿ ಕೂರಿಸಿದ್ದು ಆ ಗೋಡೆಗೆ. ಊರಿನಲ್ಲಿದ್ದಾಗ ಕೇರಿಯನ್ನು ನೋಡುತ್ತಿದ್ದ ಕಿಟಕಿ ಕೇರಿಗೆ ಬಂದು ಊರನ್ನು ನೋಡತೊಡಗಿತು. ಒಂದು ವರ್ಷವೂ ತುಂಬಿರಲಿಲ್ಲ, ಹಬ್ಬ ಬಂತು. ಹಿಂದಿನ ದಿನ ಹೇಳಿ ಕಳಿಸಿದರು: "ದ್ಯಾವ್ರು ಬರುವಾಗ ಆ ಕಿಟ್ಕಿ ಮುಚ್ಚಿರ್ಬೇಕು." ಬಾಡಿನ ವಾಸನೆ ಬರುತ್ತದೆ ಎಂಬುದೊಂದು ಕಾರಣ, ಮೈಲಿಗೆ ಕಣ್ಣು ಬೀಳುತ್ತದೆ ಎಂಬುದು ಇನ್ನೊಂದು.

ಗೆಳೆಯರೇ, ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಆ ಮೆರವಣಿಗೆಯ ಮುಂದೆ ತಮಟೆ ಬಡಿಯುತ್ತಿದ್ದವರು ನಮ್ಮ ಕೇರಿಯವರೇ. ದೇವರಿಗೆ ಬೆನ್ನು ಮಾಡಿ, ಬಡಿಯುತ್ತಾ ಮುಂದೆ ಹೋಗಬೇಕು. ಆ ಬೆನ್ನಿಗೆ ಮೈಲಿಗೆಯಿಲ್ಲ, ಆ ಕೈಗೆ ಮೈಲಿಗೆಯಿಲ್ಲ. ತನ್ನ ಮನೆಯೊಳಗೆ ಕೂತು ಕಿಟಕಿಯಿಂದ ನೋಡುವ ಕಣ್ಣಿಗೆ ಮಾತ್ರ ಮೈಲಿಗೆ! ದುಡಿಯುವಾಗ ನಾವು ಎದುರಿಗಿದ್ದರೆ ತೊಂದರೆಯಿಲ್ಲ. ಸುಮ್ಮನೆ ಕೂತು ನೋಡಿದರೆ ತೊಂದರೆ. ಜಾತಿಯ ಗುಟ್ಟೆಲ್ಲ ಇದರಲ್ಲೇ ಇದೆ ಅನ್ನಿಸುತ್ತದೆ.

ಅಜ್ಜಿ ಆವತ್ತು ಕದ ಮುಚ್ಚಿದಳು. ಮುಂದೆ ನಲವತ್ತಕ್ಕೂ ಹೆಚ್ಚು ಹಬ್ಬಗಳಲ್ಲಿ ಮುಚ್ಚಿದಳು. ಅಜ್ಜ ತೀರಿಕೊಂಡ ವರ್ಷವೂ ಮುಚ್ಚಿದಳು. ನಾನೂ ತಂಗಿಯೂ ಹುಡುಗರಾಗಿದ್ದಾಗ ಕದದ ಸಂದಿಯಲ್ಲಿ ಕಣ್ಣಿಟ್ಟರೆ ಕಾಣುತ್ತಿದ್ದುದು ಸತ್ತಿಗೆಯ ಅಂಚು ಮತ್ತು ಪೆಟ್ರೋಮ್ಯಾಕ್ಸಿನ ಬೆಳಕು.

ಅಪ್ಪ ಗಾರೆ ಕೆಲಸದವನು. ಮೈಸೂರಿನ ಹೊಸ ಬಡಾವಣೆಗಳಲ್ಲಿ ಇಪ್ಪತ್ತೈದು ವರ್ಷದಿಂದ ಮನೆ ಕಟ್ಟುತ್ತಿದ್ದಾನೆ. ಎಷ್ಟು ಕಿಟಕಿ ಕೂರಿಸಿದ್ದಾನೋ ಲೆಕ್ಕವಿಲ್ಲ. ತೇಗದ್ದು, ಅಲ್ಯೂಮಿನಿಯಂದು, ಈಗೀಗ ಬಿಳಿ ಪ್ಲಾಸ್ಟಿಕ್ಕಿನ ಜಾರುಕದದ್ದು. ಕೂರಿಸಿ, ಮಟ್ಟ ನೋಡಿ, ಗಾಜಿನ ಮೇಲಿನ ಸಿಮೆಂಟು ಕಲೆ ಒರೆಸಿಕೊಟ್ಟು ಬಂದರೆ ಮತ್ತೆ ಆ ಮನೆಯೊಳಗೆ ಅವನು ಕಾಲಿಟ್ಟದ್ದಿಲ್ಲ. ಗೃಹಪ್ರವೇಶದ ದಿನ ಕೆಲಸದವರಿಗೆ ಊಟ ಹೊರಗಿನ ಶಾಮಿಯಾನದಲ್ಲಿ. ಊರವರ ಮನೆಗಳಿಗೆ ಬೆಳಕು ತೂಗಿ ಕೊಟ್ಟವನು ರಾತ್ರಿ ಬಸ್ಸಿಳಿದು ಬಂದು, ಹಗಲಲ್ಲೂ ಬಲ್ಬು ಹಾಕಬೇಕಾದ ಮನೆಯಲ್ಲಿ ಮಲಗುತ್ತಿದ್ದ.

ನಮ್ಮ ಮನೆಯ ಆ ಗೋಡೆ ಹೋದ ಮಳೆಗಾಲದಲ್ಲಿ ಬಿರುಕು ಬಿಟ್ಟಿತು. ಅವ್ವ ಸಂಘದಲ್ಲಿ ಸಾಲ ಎತ್ತಿದಳು. ನಾನು ಪಾಠ ಹೇಳಿ ಉಳಿಸಿದ್ದು ಸ್ವಲ್ಪ ಸೇರಿಸಿದೆ. ಅಪ್ಪ ಎರಡು ತಿಂಗಳು ಮೈಸೂರಿಗೆ ಹೋಗದೆ ತನ್ನ ಮನೆಗೆ ತಾನೇ ಮೇಸ್ತ್ರಿಯಾದ.

ಕಿಟಕಿ ಕಿತ್ತ ದಿನ ನಾನು ಅವನಿಗೆ ಆಳು. ಅಪ್ಪ ಮೊದಲು ಕದಗಳನ್ನು ಬಿಡಿಸಿ ಹೊರಗೆ ಒರಗಿಸಿದ. ಮೇಲೆ ಲಿಂಟಲ್ ಇರಲಿಲ್ಲ. ಒಂದು ಹಲಗೆಯ ಮೇಲೆ ಐದಾರು ವರಸೆ ಇಟ್ಟಿಗೆ, ಅದರ ಮೇಲೆ ತೊಲೆ, ಹೆಂಚಿನ ಭಾರ. ಅದಕ್ಕೇ ಒಳಗೊಂದು ಹೊರಗೊಂದು ಕಂಬ ಆನಿಸಿ ಮೇಲಿನ ವರಸೆಗೆ ಒತ್ತು ಕೊಟ್ಟ. ಆಮೇಲೆ ಉಳಿ ಹಿಡಿದು ದಾರಂದದ ಸುತ್ತ ಗಾರೆ ಬಿಡಿಸಿದ. ನಾನು ಹಾರೆ ಹಾಕಿ ಮೀಟಲು ಹೋದೆ. ಅಪ್ಪ ತಡೆದ.

"ಸುತ್ತ ಹಿಡ್ಕಂಡಿರದ ಒಂದೇ ಏಟ್ಗ ಮೀಟುದ್ರ ಗ್ವಾಡನೂ ಜೊತ್ಗೇ ಬತ್ತದ ಮಗ. ಕೆಳ್ಗಿನ್ ಪಟ್ಟಿಯ ನಡುವ ಕೊಯ್ಯಿ. ಆಗ ಎಲ್ಲ ತಾನೇ ಸಡ್ಲ ಆಯ್ತದ."

ಗರಗಸ ಎಳೆದೆ. ಗೆದ್ದಲು ತಿಂದಿದ್ದ ಮೂಲೆ ಬಿಟ್ಟರೆ ಮರ ಕಲ್ಲಿನಂತೆ ಗಟ್ಟಿಯಾಗಿತ್ತು. ಕೊಯ್ದ ಕಡೆ ತೇಗದ ಎಣ್ಣೆವಾಸನೆ ಎದ್ದಿತು. ಪಟ್ಟಿ ಎರಡಾಗುತ್ತಲೇ ಸರಳುಗಳು ಅಲ್ಲಾಡಿದವು. ಒಂದೊಂದಾಗಿ ಈಚೆಗೆ ತೆಗೆದೆವು. ಗೋಡೆಯಲ್ಲಿ ದೊಡ್ಡ ಬಾಯಿ ಬಿಟ್ಟಂತಾಗಿ ಒಳಗೆಲ್ಲ ಬೆಳಕು ಬಿತ್ತು. ನಾನು ಹುಟ್ಟಿದ ಕೋಣೆಯ ಮೂಲೆಯನ್ನು ಬಲ್ಬಿಲ್ಲದೆ ನೋಡಿದ್ದು ಅವತ್ತೇ ಮೊದಲು.

ಸುದ್ದಿ ಹೇಗೆ ಮುಟ್ಟಿತೋ, ಮೂರನೇ ದಿನಕ್ಕೆ ಹಳೆಯ ಮರ ಕೊಳ್ಳುವ ವ್ಯಾಪಾರಿಯೊಬ್ಬ ಗಾಡಿ ತಂದ. ಈಗ ಹಳೆಯ ಕಂಬ, ಬಾಗಿಲು, ಕಿಟಕಿಗಳಿಗೆ ಪಟ್ಟಣದಲ್ಲಿ ಗಿರಾಕಿಯಿದೆ. ರೆಸಾರ್ಟುಗಳಲ್ಲಿ, ಹೋಟೆಲುಗಳಲ್ಲಿ ಗೋಡೆಗೆ ನೇತುಹಾಕುತ್ತಾರೆ, ಹಿಂದೆ ಕನ್ನಡಿ ಕೂರಿಸುತ್ತಾರೆ. ಅವನು ಕಿಟಕಿಯ ಮೈ ಸವರಿ, "ನೂರು ವರ್ಷದ ತೇಗ. ಇದು ನಮ್ಮ ಪರಂಪರೆ ಸಾರ್" ಅಂದ. ಎಂಟು ಸಾವಿರ ಕೊಡುತ್ತೇನೆ ಅಂದ. ಅಪ್ಪನ ಮುಖ ಅರಳಿತು. ಎಂಟು ಸಾವಿರ ಅಂದರೆ ಇಪ್ಪತ್ತು ಮೂಟೆ ಸಿಮೆಂಟಿನ ಬಾಬತ್ತು. ನನಗೆ ಬೇರೆ ಆಸೆ ಇತ್ತು. ಜೀತದ ಕೂಲಿಗೆ ಸಾಕ್ಷಿಯಾಗಿ ಆ ಕಿಟಕಿಯನ್ನು ಕೇರಿಯ ಅಂಬೇಡ್ಕರ್ ಸಂಘದ ಕೋಣೆಯಲ್ಲಿ ಇಡಬೇಕು, ಮುಂದಿನ ಹುಡುಗರು ನೋಡಬೇಕು ಅಂತ.

ಅಜ್ಜಿ ಮೂಲೆಯಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತಿದ್ದವಳು ಕುಟ್ಟಾಣಿ ಕೆಳಗಿಟ್ಟಳು.

"ಅದ ಮಾರ್ಬ್ಯಾಡಿ."

"ಯಾಕವ್ವ?" ಅಂದ ಅಪ್ಪ.

"ಆ ಸಳ್ಳು ಯಾಕ ಬಗ್ಗದ ಗೊತ್ತಾ?"

ನಮಗೆ ಗೊತ್ತಿರಲಿಲ್ಲ. ಹೊತ್ತು ತರುವಾಗ ಅಜ್ಜ ಎಲ್ಲೋ ಬೀಳಿಸಿರಬೇಕು ಎಂದುಕೊಂಡಿದ್ದೆವು. ಅಜ್ಜಿ ಹೇಳಿದಳು. ಅವಳೂ ಇದೇ ಊರಿನವಳು, ಸೋದರಮಾವನ ಮಗನಿಗೇ ಕೊಟ್ಟದ್ದು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅದೇ ಯಜಮಾನರ ಮನೆಗೆ ಸಗಣಿ ಬಾಚಲು ಹೋಗುತ್ತಿದ್ದಳು. ಕೆಲಸ ಮುಗಿದ ಮೇಲೆ ಆ ಕಿಟಕಿಯ ಕೆಳಗೆ ಬಂದು ನಿಲ್ಲಬೇಕು. ಒಳಗಿನಿಂದ ತಂಗಳು ಮುದ್ದೆಯನ್ನು ಸರಳಿನ ನಡುವೆ ತೂರಿ ಬಿಡುತ್ತಿದ್ದರು. ಕೆಳಗೆ ಮಡಿಲು ಒಡ್ಡಿ ಹಿಡಿಯಬೇಕು. ಮುದ್ದೆ ಹಾಯುವುದಕ್ಕೆ ಅಂತಲೇ ಆ ಒಂದು ಸರಳನ್ನು ಬಗ್ಗಿಸಿದ್ದರು.

"ಒಂದಿನ ಕೈ ತಪ್ಪಿ ನೆಲಕ್ಕ ಬಿದ್ದೋಯ್ತು. ನಾಯಿ ತಕ್ಕಂಡು ಓಡ್ತು. ಒಳ್ಗ ನಕ್ಕುದ್ದು ಈಗ್ಲೂ ಕೇಳ್ತದ."

ನಾವ್ಯಾರೂ ಮಾತಾಡಲಿಲ್ಲ. ಇಷ್ಟು ವರ್ಷ ಅದೇ ಕಿಟಕಿಯ ಪಕ್ಕ ಅವಳು ಮಲಗಿದ್ದಳು. ಹೊಸದಾಗಿ ಬಂದಾಗಲೇ ಬೇಡ ಅನ್ನಬಹುದಿತ್ತಲ್ಲ ಎಂದು ತಂಗಿ ಕೇಳಿದಳು.

"ನಿಮ್ಮಜ್ಜ ಮೈಯೆಲ್ಲ ಬೆವ್ತು ಹೊತ್ಕಂಡು ಬಂದಿದ್ದ. ಮನಗ ಕಿಟ್ಕಿ ತಂದಿ ಕಮ್ಮಿ ಅಂತ ನಗ್ತಿದ್ದ. ಏನನ್ನನ ಅವ್ನ್ಗ?"

ವ್ಯಾಪಾರಿ ಇನ್ನೊಂದು ಸಾವಿರ ಏರಿಸಿದ. ಅಜ್ಜಿ ತಲೆಯಾಡಿಸಿದಳು. "ಮಾರುದ್ರ ಇನ್ನೊಬ್ರ ಮನ ಸೇರ್ತದ. ಅಲ್ಲಿ ಇನ್ಯಾರ್ಗ ತೂರ್ತರೋ. ಒಲಗ ಹಾಕ್ಬುಡಿ."

ಹಂಡೆ ಒಲೆಗೆ ಹಾಕಿದೆವು. ನೂರು ವರ್ಷದ ತೇಗ. ಮೂರು ದಿನ ಮನೆಮಂದಿಗೆಲ್ಲ ಸ್ನಾನದ ನೀರು ಕಾಯಿತು. ಸರಳುಗಳನ್ನು ಗುಜರಿಯವನು ತೂಕಕ್ಕೆ ತೆಗೆದುಕೊಂಡ. ಅದು ಉಳಿಯಬೇಕಿತ್ತು ಎಂಬ ನನ್ನ ಮಾತು ಈಗಲೂ ನನ್ನದೇ. ನಮ್ಮ ಚರಿತ್ರೆಗೆ ಸಾಕ್ಷಿಗಳು ಕಡಿಮೆ, ಇದ್ದವನ್ನು ಕಾಪಾಡಿಕೊಳ್ಳಬೇಕು. ಆದರೆ ಆ ಮುದ್ದೆಗೆ ಮಡಿಲೊಡ್ಡಿದವಳು ನಾನಲ್ಲ. ಹಳೆಯದೆಲ್ಲ ಎಲ್ಲರ ಪರಂಪರೆಯಲ್ಲ ಎಂಬುದನ್ನು ಮಾತ್ರ ಆ ಒಲೆಯ ಮುಂದೆ ಕೂತವರು ಯಾರೂ ಮರೆಯಲಾರರು. ತೊಟ್ಟಿಮನೆಗಳ ಕುಸುರಿಯನ್ನು ಹೊಗಳುವ ಪುಸ್ತಕಗಳು ಬಂದಿವೆ, ಬರಲಿ. ಆ ಕುಸುರಿಯ ಸಂದಿಯಿಂದ ಏನೇನು ಹೊರಗೆ ಬೀಳುತ್ತಿತ್ತು ಎಂಬುದನ್ನೂ ಯಾರಾದರೂ ಬರೆಯಲಿ.

ಹೊಸ ಕಿಟಕಿಯದು ಇನ್ನ ಬೇರೆ ಪಂಚಾಯಿತಿ. ಅಪ್ಪ ನಾಲ್ಕಡಿಗೆ ನಾಲ್ಕಡಿ ಅಳತೆ ಹಾಕಿ ಲಿಂಟಲ್‌ಗೆ ಕಬ್ಬಿಣ ಕಟ್ಟುತ್ತಿದ್ದ. ಊರಿನವರೊಬ್ಬರು ಬಂದರು. ಬೈಕಿನಿಂದ ಇಳಿಯಲಿಲ್ಲ.

"ಏನ್ಲಾ, ಮನ ಜೋರಾಗ್ ಎದ್ದದ. ಒಳ್ಳೇದಾಯ್ತು. ಆ ಕಡೀಕ್ ಮಾತ್ರ ಕಿಟ್ಕಿ ಬ್ಯಾಡ, ಪಡುವಲಕ್ಕ ಇಟ್ಕ. ಗಾಳಿ ಅತ್ತಿಂದ್ಲೇ ಬರದು. ವಾಸ್ತುಗೂ ಅದೇ ಸರಿ."

ಬೈಗುಳವಿಲ್ಲ, ಬೆದರಿಕೆಯಿಲ್ಲ. ಅಜ್ಜನ ಕಾಲದಲ್ಲಿ ಮೈಲಿಗೆ ಎಂದು ಬಾಯಿಬಿಟ್ಟು ಹೇಳುತ್ತಿದ್ದರು. ಈಗ ಗಾಳಿ, ವಾಸ್ತು, ಹಿತ. ಜಾತಿ ನಯವಾದ ಮಾತು ಕಲಿತಿದೆ. ಕೇಳಿದ್ದು ಮಾತ್ರ ಅದೇ ಗೋಡೆ.

ಆ ರಾತ್ರಿ ಮನೆಯಲ್ಲಿ ವಾದವಾಯಿತು. "ಬೆಳ್ಗಾದ್ರ ಅವ್ರ ಬೀದೀಲೇ ಓಡಾಡ್ಬೇಕು, ಅವ್ರ ಜಮೀನ್ಗೇ ಇವ್ಳು ಕೂಲಿಗೋಗ್ಬೇಕು. ಬ್ಯಾಡ ಬುಡಿ" ಅಂದ ಅಪ್ಪ. "ಅಕ್ಕಿ ಆರ್ಸಕ್ಕಾದ್ರೂ ಬೆಳಕ ಬ್ಯಾಡ್ವಾ" ಅಂದಳು ಅವ್ವ. ಕಲ್ಲು ಬಿದ್ದರೆ ಗಾಜು ಒಡೆದರೆ ಎಂಬ ಮಾತೂ ಬಂತು. ನನಗೆ ರಾಜಗೃಹ ನೆನಪಾಯಿತು. ಮುಂಬಯಿಯ ದಾದರಿನಲ್ಲಿ ಬಾಬಾಸಾಹೇಬರು ತಮ್ಮ ಪುಸ್ತಕಗಳಿಗೂ ಜಾಗವಾಗಲಿ ಎಂದು ಕಟ್ಟಿಸಿದ ಮನೆ. 2020ರ ಜುಲೈ 7ರಂದು ಅದರ ಕಿಟಕಿ ಗಾಜುಗಳಿಗೂ ಕಲ್ಲು ಬಿತ್ತು. ಅವರು ತೀರಿಕೊಂಡು 64 ವರ್ಷ ಆಗುತ್ತಾ ಬಂದಿದ್ದಾಗಲೂ ಅವರ ಮನೆಯ ಕಿಟಕಿ ಯಾರದೋ ಕಣ್ಣಿಗೆ ಚುಚ್ಚುತ್ತಿತ್ತು. ಇನ್ನು ನಮ್ಮದು ಯಾವ ಲೆಕ್ಕ?

ತಂಗಿ ಪಿಯುಸಿ ಎರಡನೇ ವರ್ಷ. ಅವಳ ಮಾತೇ ಬೇರೆ. ಕಂಬಾಲಪಲ್ಲಿಯ ವಿಷಯವನ್ನು ಸಂಘದ ಸಭೆಯಲ್ಲಿ ಕೇಳಿದ್ದಳು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದಕ್ಕೂ ಹಿಂದೆ, 1968ರ ಡಿಸೆಂಬರ್ 25ರ ರಾತ್ರಿ, ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಒಂದೇ ಗುಡಿಸಲಿನೊಳಗೆ 44 ಜನ ಬೆಂದುಹೋದರು. "ಗೋಡೆ ಕಟ್ಕಂಡು ಸುಮ್ನಿದ್ದೋರ್ನ ಬಿಟ್ರಾ ಅಪ್ಪ? ಕಿಟಕಿ ಇಡು. ಮುಚ್ಚೋದು ತೆಗೆಯೋದು ನಾನ್ ನೋಡ್ಕೊತೀನಿ" ಅಂದಳು.

ಅಪ್ಪ ಬೆಳಗ್ಗೆ ಎದ್ದು ಏನೂ ಹೇಳದೆ ಲಿಂಟಲ್‌ಗೆ ಕಾಂಕ್ರೀಟು ಕಲೆಸಿದ.

ಹಬ್ಬ ಬಂತು. ಕೇರಿಯ ಹುಡುಗರು ತಮಟೆ ಬಿಟ್ಟು ಕೆಲವು ವರ್ಷಗಳಾಗಿವೆ. ಈಗ ಪಟ್ಟಣದ ಬ್ಯಾಂಡ್‌ಸೆಟ್ಟು ಬರುತ್ತದೆ. ತಂಗಿ ಕಿಟಕಿಯ ಕೆಳಗೆ ಕುರ್ಚಿ ಹಾಕಿಕೊಂಡು ಓದುತ್ತಿದ್ದಳು. ಮೆರವಣಿಗೆ ಹತ್ತಿರ ಬಂದಾಗ ಯಾರೋ "ಕಿಟ್ಕಿ ಹಾಕ್ರಮ್ಮಿ" ಎಂದು ಕೂಗಿದರು. ಅವಳು ತಲೆಯೆತ್ತಲಿಲ್ಲ. ಅಜ್ಜಿ ಎದ್ದು ಬಂದಳು. ಅಭ್ಯಾಸಬಲದಿಂದ ಮುಚ್ಚಿಬಿಡುತ್ತಾಳೇನೋ ಎಂದು ನನಗೆ ಭಯ. ಅವಳು ಗ್ರಿಲ್ ಹಿಡಿದುಕೊಂಡು ನಿಂತಳು. ನೋಡಿದಳು. ದೇವರು ಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ನಮ್ಮ ಕಡೆ ತಿರುಗಿ ಕೇಳಿದಳು:

"ಇಷ್ಟೇಯಾ? ಇಷ್ಟ್ ಚಿಕ್ದಾ? ನಾನು ಬಾಳ ದೊಡ್ದು ಅನ್ಕಂಡಿದ್ದಿ ಕನಪ್ಪ."

ಕಲ್ಲು ಬೀಳಲಿಲ್ಲ. ಗೆದ್ದೆವು ಎಂದು ಬರೆದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹಬ್ಬ ಕಳೆದ ವಾರದಿಂದ ಅವ್ವನನ್ನು ಕಳೆ ಕೀಳಲು ಯಾರೂ ಕರೆದಿಲ್ಲ. ಊರಿನ ಸಮುದಾಯ ಭವನದ ಗಾರೆ ಕೆಲಸಕ್ಕೆ ಅಪ್ಪ ಬರಬೇಕು ಎಂದು ಮೊದಲೇ ಮಾತಾಗಿತ್ತು. ಈಗ ಬೇರೆ ಊರಿನವರು ಬಂದು ಮಾಡುತ್ತಿದ್ದಾರೆ. ಕಿಟಕಿಯ ಮಾತನ್ನು ಯಾರೂ ಎತ್ತಿಲ್ಲ. ವಕೀಲ ಗೆಳೆಯನೊಬ್ಬನನ್ನು ಕೇಳಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲಿ ಸಾಮಾಜಿಕ ಬಹಿಷ್ಕಾರ, ಆರ್ಥಿಕ ಬಹಿಷ್ಕಾರ ಎರಡೂ ಅಪರಾಧ ಎಂದಿದೆ ಅಂದ. ಆಮೇಲೆ, "ಕೆಲಸಕ್ಕೆ ಬರಬೇಡ ಅಂದರೆ ಸಾಕ್ಷಿ ಇರುತ್ತೆ. ಸುಮ್ಮನೆ ಕರೆಯದೇ ಇದ್ದರೆ ಸಾಕ್ಷಿ ಯಾರು?" ಅಂದ. ಬರೆದಿಡದ ಕಾನೂನು ಈಗ ಬಾಯಿಬಿಟ್ಟು ಆಡದ ಕಾನೂನೂ ಆಗಿದೆ. ಅಪ್ಪ ಮತ್ತೆ ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗುತ್ತಿದ್ದಾನೆ. ಸಂಘದ ಕಂತು ಪ್ರತಿ ವಾರ ಬರುತ್ತದೆ. ಕಿಟಕಿ ತೆರೆದೇ ಇದೆ. ಅದಕ್ಕೆ ನಾವು ತೆರುತ್ತಿರುವ ಸುಂಕ ಇದು.

ಹಳ್ಳಿಯ ಶಾಲೆಗಳಲ್ಲಿರುವ ಮೇಷ್ಟ್ರುಗಳಿಗೆ, ಓದುತ್ತಿರುವ ತಮ್ಮ ತಂಗಿಯರಿಗೆ ಒಂದು ಮಾತು. ಸರಕಾರದ ಕಾಗದದಲ್ಲಿ ಬಡವರ ಮನೆಗೆ ಅಳತೆ ಇದೆ. ಇಂದಿರಾ ಆವಾಸ್‌ನಲ್ಲಿ 20 ಚದರ ಮೀಟರ್ ಇತ್ತು, 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಿ ಅದನ್ನು 25 ಮಾಡಿದರು. 2011ರ ಜನಗಣತಿಯಲ್ಲಿ ಗೋಡೆ ಯಾವುದರದು, ಮಾಡು ಯಾವುದರದು, ಕೋಣೆ ಎಷ್ಟು, ದೀಪ ಕರೆಂಟಿನದೋ ಸೀಮೆಎಣ್ಣೆಯದೋ ಎಂದು ಮನೆ ಮನೆಗೆ ಬಂದು ಬರೆದುಕೊಂಡರು. ಕಿಟಕಿ ಎಷ್ಟು, ಅದು ಯಾವ ಕಡೆಗಿದೆ, ಯಾವ ದಿನ ಮುಚ್ಚುತ್ತೀರಿ ಎಂದು ಯಾರೂ ಕೇಳಲಿಲ್ಲ.

ಆ ಗಣತಿಯನ್ನು ನಾವೇ ಮಾಡೋಣ. ಒಂದು ಭಾನುವಾರ ನೋಟ್‌ಬುಕ್ಕು ಹಿಡಿದು ಹೊರಡಿ. ಮೇಲಿನ ಬೀದಿಯಿಂದ ಶುರುಮಾಡಿ ಕೇರಿಯ ಕೊನೆಯ ಮನೆಯವರೆಗೂ ಕಿಟಕಿಗಳನ್ನು ಎಣಿಸಿ. ಊರ ಕಡೆಗೆ ಇಟ್ಟಿಗೆ ತುಂಬಿದ ತೂತುಗಳಿದ್ದರೆ ಅವನ್ನೂ ಬರೆದುಕೊಳ್ಳಿ. ಯಾಕೆ ಮುಚ್ಚಿದಿರಿ ಎಂದು ಆ ಮನೆಯ ಮುದುಕಿಯರನ್ನು ಕೇಳಿ. ಸುಮ್ಮನೆ ಮುಚ್ಚಿದ್ದು ಅನ್ನುತ್ತಾರೆ. ಎದ್ದು ಬರಬೇಡಿ. ಎಲೆಯಡಿಕೆ ಕುಟ್ಟುವುದು ಮುಗಿಯುವ ತನಕ ಅವರ ಪಕ್ಕ ಕೂತಿರಿ.